ಹಳೇ ಕಾರು ಸಿಗ್ನಲ್‌ನಲ್ಲಿ ಆಫ್ ಆಗುತ್ತಿದೆಯೇ? ಮೊದಲು ರಬ್ಬರ್ ಪೈಪ್ ನೋಡಿ

ಓಡುವಾಗ ಏನೂ ತಕರಾರಿಲ್ಲ. ಸಿಗ್ನಲ್ ಹತ್ತಿರ ಬಂದು ಆಕ್ಸಿಲರೇಟರ್‌ನಿಂದ ಕಾಲು ತೆಗೆದಿರೋ, ಎಂಜಿನ್ ನಡುಗುತ್ತದೆ, ಎರಡು ಸಲ ಕೆಮ್ಮುತ್ತದೆ, ಆಫ್. ನನ್ನ 1994ರ ಮಾರುತಿ 800 ಒಂದು ಮಳೆಗಾಲ ಪೂರ್ತಿ ಹೀಗೆ ಕಾಡಿತು. ಗ್ಯಾರೇಜಿನಲ್ಲಿ ಪ್ಲಗ್ ಬದಲಿಸಿದರು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಬಿಚ್ಚಿ ತೊಳೆದರು. ಕೊನೆಗೆ ಐಡ್ಲಿಂಗ್ (ಕಾಲು ತೆಗೆದಾಗ ಎಂಜಿನ್ ತಾನಾಗಿ ತಿರುಗುವ ವೇಗ) ಸ್ಕ್ರೂ ತಿರುಗಿಸಿ ರೇಸ್ ಜಾಸ್ತಿ ಮಾಡಿ ಕಳಿಸಿದರು. ಎರಡು ವಾರ ಸುಮ್ಮನಿತ್ತು, ಮತ್ತೆ ಅದೇ ಕಥೆ. ಅಸಲಿ ಕಾರಣ ಒಂದು ರಬ್ಬರ್ ಟೋಪಿ. ಮಗುವಿನ ಕಿರುಬೆರಳ ತುದಿಯಷ್ಟು ಸಣ್ಣದು.

ಏನಾಗುತ್ತದೆ ಅಂದರೆ, ಪಿಸ್ಟನ್ ಒಂದು ಸಲ ಬಿಟ್ಟು ಒಂದು ಸಲ ಕೆಳಗೆ ಇಳಿಯುವಾಗ ಗಾಳಿಯನ್ನು ಎಳೆಯುತ್ತದೆ. ನೀವು ಕಾಲು ತೆಗೆದರೆ ಗಾಳಿಯ ಬಾಗಿಲು, ಅಂದರೆ ಥ್ರಾಟಲ್, ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ. ಎಳೆತ ಮಾತ್ರ ನಿಲ್ಲುವುದಿಲ್ಲ. ಹಾಗಾಗಿ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆ) ಒಳಗೆ ವ್ಯಾಕ್ಯೂಮ್, ಅಂದರೆ ಗಾಳಿ ಕಡಿಮೆಯಾಗಿ ಹುಟ್ಟುವ ಎಳೆತ, ಜೋರಾಗುತ್ತದೆ. ಎಲ್ಲಿ ಬಿರುಕು ಸಿಕ್ಕರೂ ಅಲ್ಲಿಂದ ಗಾಳಿ ನುಗ್ಗುತ್ತದೆ. ಈ ಕಳ್ಳ ಗಾಳಿ ಕಾರ್ಬುರೇಟರ್ ಮೂಲಕ ಬಂದದ್ದಲ್ಲ, ಜೊತೆಗೆ ಪೆಟ್ರೋಲ್ ತರುವುದಿಲ್ಲ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಸಾಕು. ಗಾಳಿ ತೀರಾ ಜಾಸ್ತಿಯಾದರೆ ಕಿಡಿ ಬಿದ್ದರೂ ಹತ್ತುವುದಿಲ್ಲ.

ಹಾಗಾದರೆ ಓಡುವಾಗ ಯಾಕೆ ಗೊತ್ತಾಗುವುದಿಲ್ಲ? ಒಂದು ಲೋಟ ಮಜ್ಜಿಗೆಗೆ ಸೌಟು ನೀರು ಬಿದ್ದರೆ ಬಾಯಿಗೆ ತಿಳಿಯುತ್ತದೆ. ಕೊಡ ಮಜ್ಜಿಗೆಗೆ ಬಿದ್ದರೆ ಯಾರಿಗೂ ತಿಳಿಯುವುದಿಲ್ಲ. ಓಡುವಾಗ ಎಂಜಿನ್ ಎಳೆಯುವ ಗಾಳಿ ಕೊಡದಷ್ಟು, ಅಷ್ಟೇ ಲೆಕ್ಕ.

ಮೊದಲ ಪರೀಕ್ಷೆಗೆ ಸಾಮಾನು ಏನೂ ಬೇಡ. ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಚೋಕ್ (ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುವ ಗುಂಡಿ) ಸ್ವಲ್ಪ ಎಳೆಯಿರಿ. ಬಿಸಿ ಎಂಜಿನ್‌ಗೆ ಚೋಕ್ ಕೊಟ್ಟರೆ ಸಾಮಾನ್ಯವಾಗಿ ಅದು ಇನ್ನಷ್ಟು ಕೆಡಬೇಕು. ಬದಲಿಗೆ ನಡುಕ ನಿಂತು ಹದಕ್ಕೆ ಬಂದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. ಒಂದೋ ಐಡ್ಲಿಂಗ್ ಜೆಟ್‌ನಲ್ಲಿ (ಪೆಟ್ರೋಲ್ ಬರುವ ಸಣ್ಣ ತೂತಿನಲ್ಲಿ) ಕಸ ಕೂತಿದೆ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ.

ಈಗ ಎಂಜಿನ್ ನಿಲ್ಲಿಸಿ, ತಣ್ಣಗಾಗಲು ಬಿಡಿ. ಮೊಬೈಲ್‌ನಲ್ಲಿ ಪೈಪ್‌ಗಳ ಫೋಟೊ ತೆಗೆದಿಟ್ಟುಕೊಳ್ಳಿ, ಆಮೇಲೆ ಯಾವುದು ಎಲ್ಲಿಗೆ ಅನ್ನೋ ಗೊಂದಲ ಇರಬಾರದು. ಒಂದೊಂದೇ ಪೈಪನ್ನು ಬೆರಳಲ್ಲಿ ಬಗ್ಗಿಸಿ. ಮೇಲಿಂದ ನೋಡಿ ಬಿಟ್ಟರೆ ಆಗುವುದಿಲ್ಲ, ಬಿರುಕು ಹಲವು ಸಲ ಅಡಿಯಲ್ಲೇ ಅಡಗಿರುತ್ತದೆ. ನಿಪ್ಪಲ್ (ಪೈಪ್ ಸಿಕ್ಕಿಸುವ ಮೂತಿ) ಮೇಲೆ ಕೂರುವ ತುದಿ ಮೊದಲು ಸಾಯುತ್ತದೆ. ರಬ್ಬರ್ ಕಲ್ಲಾಗಿರುತ್ತದೆ, ಇಲ್ಲವೇ ಕೈಗೆ ಕಪ್ಪು ಅಂಟುತ್ತದೆ. ನನ್ನ ಕಾರಿನಲ್ಲಿ ಬಳಕೆಯಲ್ಲಿಲ್ಲದ ಒಂದು ನಿಪ್ಪಲ್‌ಗೆ ಟೋಪಿ ಹಾಕಿ ಮುಚ್ಚಿದ್ದರು. ಕಣ್ಣಿಗೆ ನೆಟ್ಟಗಿತ್ತು. ಉಗುರಲ್ಲಿ ಒತ್ತಿದರೆ ಬಾಯಿ ಬಿಟ್ಟಿತು, ಉದ್ದಕ್ಕೆ ಸೀಳಿತ್ತು.

ಕಣ್ಣಿಗೆ ಸಿಗದಿದ್ದರೆ ಕಿವಿ ಕೊಡಿ. ಎಂಜಿನ್ ಆನ್ ಇರಲಿ. ಒಂದು ಮೀಟರ್ ರಬ್ಬರ್ ಪೈಪ್ ತೆಗೆದುಕೊಂಡು ಒಂದು ತುದಿ ಕಿವಿಗೆ ಹಿಡಿದು, ಇನ್ನೊಂದನ್ನು ಸಂದಿಗಳ ಹತ್ತಿರ ಆಡಿಸಿ. ಸೋರುವ ಜಾಗದಲ್ಲಿ 'ಸ್ಸ್' ಅಂತ ಸ್ಪಷ್ಟವಾಗಿ ಕೇಳುತ್ತದೆ. ತೋಳು, ವೇಲ್, ಕೂದಲು ಫ್ಯಾನ್ ಬೆಲ್ಟ್ ಹತ್ತಿರ ಹೋಗಬಾರದು.

ಅದೂ ಆಗದಿದ್ದರೆ ಇಕ್ಕಳಕ್ಕೆ ಬಟ್ಟೆ ಸುತ್ತಿ, ಮ್ಯಾನಿಫೋಲ್ಡ್‌ಗೆ ಹೋಗುವ ಪೈಪ್‌ಗಳನ್ನು ಒಂದೊಂದಾಗಿ ಹಿಸುಕಿ. ಯಾವುದನ್ನು ಹಿಸುಕಿದಾಗ ಎಂಜಿನ್ ಹದವಾಗುತ್ತದೋ ಆ ಕಡೆಯೇ ತೂತು. ಎಳೆತದ ಬಲದಿಂದ ಬ್ರೇಕ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರ್‌ನ ಪೈಪ್ ಹಿಸುಕಿದಾಗ ಹಾಗಾದರೆ ಸುಮ್ನೆ ಬಿಡಬೇಡಿ. ಎಂಜಿನ್ ಆಫ್ ಮಾಡಿ ಬ್ರೇಕನ್ನು ನಾಲ್ಕೈದು ಸಲ ಒತ್ತಿ, ಕೊನೆಯ ಸಲ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಕಾಲ ಕೆಳಗೆ ಸ್ವಲ್ಪ ಇಳಿಯಬೇಕು. ಇಳಿಯದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಸಣ್ಣ ಪೈಪಿನ ಮೇಲೆ ಎಲ್ಲರಿಗೂ ಅನುಮಾನ ಜಾಸ್ತಿ. ಆದರೆ ಅನೇಕ ಕಾರುಗಳಲ್ಲಿ ಐಡ್ಲಿಂಗ್ ಹೊತ್ತಿಗೆ ಅದರಲ್ಲಿ ಎಳೆತವೇ ಇರುವುದಿಲ್ಲ, ರೇಸ್ ಕೊಟ್ಟಾಗ ಮಾತ್ರ.

ಪೈಪ್‌ಗಳೆಲ್ಲ ಸರಿ ಇದ್ದರೆ ಕಾರ್ಬುರೇಟರ್ ಅಡಿಯ ಪ್ಯಾಕಿಂಗ್ (ಸಂದಿ ಮುಚ್ಚುವ ಹಾಳೆ) ನೋಡಬೇಕು. ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ, ಕಾರ್ಬುರೇಟರ್ ಬುಡಕ್ಕೆ, ಮ್ಯಾನಿಫೋಲ್ಡ್ ಎಂಜಿನ್ ಹೆಡ್‌ಗೆ ಸೇರುವ ಜಾಗಕ್ಕೆ ಸ್ವಲ್ಪ ಸ್ವಲ್ಪ ಹೊಡೆಯಿರಿ. ನೀರು ಸಂದಿ ಮುಚ್ಚಿದ ಕ್ಷಣ ಎಂಜಿನ್ ಸದ್ದು ಬದಲಾಗುತ್ತದೆ. ಕೆಲವರು ಕಾರ್ಬುರೇಟರ್ ಕ್ಲೀನರ್ ಹೊಡೆಯುತ್ತಾರೆ. ಅದು ಬೇಗ ತೋರಿಸುತ್ತದೆ, ನಿಜ. ಆದರೆ ಪಕ್ಕದಲ್ಲೇ ಬಿಸಿ ಸೈಲೆನ್ಸರ್ ಪೈಪ್, ಪ್ಲಗ್ ವೈರ್‌ನ ಕಿಡಿ. ನನಗೆ ಆ ಧೈರ್ಯವಿಲ್ಲ, ನಿಮಗೂ ಬೇಡ. ನೀರೂ ಅಷ್ಟೇ, ಡಿಸ್ಟ್ರಿಬ್ಯೂಟರ್ ಮೇಲೆ ಬೀಳಬಾರದು.

ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಇರುವವರಿಗೆ ಒಂದು ಮಾತು. ಐಡ್ಲಿಂಗ್‌ನಲ್ಲಿ 17ರಿಂದ 22 ಇಂಚು (ಪಾದರಸದ ಲೆಕ್ಕದಲ್ಲಿ) ಇರಬೇಕು ಅಂತ ಪುಸ್ತಕ ಹೇಳುವುದು ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿ ಏರಿದರೆ ಸುಮಾರು ಒಂದು ಇಂಚು ಇಳಿಯುತ್ತದೆ. ಮಂಗಳೂರಲ್ಲಿ 19 ತೋರಿಸುವ ಎಂಜಿನ್ ಬೆಂಗಳೂರಲ್ಲಿ 16 ತೋರಿಸಿದರೆ ಗಾಬರಿ ಬೇಡ.

ಹೊಸ ಪೈಪ್‌ಗೆ ಹಳೇ ತುಂಡನ್ನೇ ಅಂಗಡಿಗೆ ಒಯ್ಯಿರಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ವ್ಯಾಕ್ಯೂಮ್ ಪೈಪ್ ಅಂತಲೇ ಕೇಳಿ. ತೆಳು ಪೈಪ್ ಹಾಕಿದರೆ ಎಳೆತಕ್ಕೆ ಒಳಗೊಳಗೇ ಚಪ್ಪಟೆಯಾಗುತ್ತದೆ. ಇನ್ಸುಲೇಷನ್ ಟೇಪ್ ಸುತ್ತುವುದು ಮನೆ ಮುಟ್ಟುವವರೆಗೆ ಮಾತ್ರ. ಪ್ಯಾಕಿಂಗ್ ಬದಲಿಸಿದರೆ ನಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಪೂರ್ತಿ ಬಲ ಹಾಕಿದರೆ ಅಲ್ಯೂಮಿನಿಯಂ ಬುಡ ಸೊಟ್ಟಗಾಗಿ, ಹೊಸ ಸೋರಿಕೆಯನ್ನು ನೀವೇ ಮಾಡಿದಂತಾಗುತ್ತದೆ. ಇಷ್ಟಾದರೂ ಸೋರಿದರೆ ಥ್ರಾಟಲ್ ಕಡ್ಡಿ ಹಿಡಿದು ಅಲ್ಲಾಡಿಸಿ. ಲಟಲಟ ಅಂದರೆ ಅದು ಸವೆದಿದೆ.

ಕೊನೆಗೆ ಐಡ್ಲಿಂಗ್. ನಾನು ಹೊಸ ಟೋಪಿ ಹಾಕಿ ಸ್ಟಾರ್ಟ್ ಮಾಡಿದಾಗ ಎಂಜಿನ್ ಯಾರೋ ರೇಸ್ ಕೊಟ್ಟಂತೆ ಕೂಗಿತು. ಹಿಂದೆ ಗ್ಯಾರೇಜಿನವರು ತಿರುಗಿಸಿದ್ದ ಸ್ಕ್ರೂ ಹಾಗೇ ಇತ್ತಲ್ಲ! ಬಿಸಿ ಎಂಜಿನ್ ಮೇಲೆ, ಕಾಲು ಸುತ್ತಿನಂತೆ ಹಿಂದೆ ತಿರುಗಿಸುತ್ತ ಬನ್ನಿ. ಹೆಡ್‌ಲೈಟ್ ಹಾಕಿ, ಒಂದು ಸಲ ರೇಸ್ ಕೊಟ್ಟು ತಟ್ಟನೆ ಬಿಡಿ. ಆಫ್ ಆಗದೆ ನಿಂತರೆ ಬಾನೆಟ್ ಮುಚ್ಚಬಹುದು.