ಅಂಕಗಳ ಫೈಲ್ ಓದಿ ಗ್ರೇಡ್ ಹೇಳುವ ಸಿ ಪ್ರೋಗ್ರಾಂ: ಮೊದಲ ಸಲ ಬರೆಯುವವರಿಗೆ

ಕಲಬುರಗಿಯ ಒಂದು ಕಾಲೇಜಿನ ಲ್ಯಾಬ್‌ನಲ್ಲಿ ನಾನು ಸಿ ಭಾಷೆ ಕಲಿಸುತ್ತೇನೆ. ಆಳಂದ, ಜೇವರ್ಗಿ, ಚಿತ್ತಾಪುರ ಕಡೆಯಿಂದ ಬೆಳಗಿನ ಬಸ್ ಹಿಡಿದು ಬರುವ ಮಕ್ಕಳೇ ಜಾಸ್ತಿ. ಸುಮಾರು ಮಂದಿಗೆ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಲ್ಯಾಬ್‌ನ ಎರಡು ಗಂಟೆಯೇ ಅವರಿಗೆ ಎಲ್ಲ. ಒಂದು ದಿನ ಹುಡುಗಿಯೊಬ್ಬಳು ತನ್ನ ಪ್ರೋಗ್ರಾಂ ಓಡಿಸಿ ಗಾಬರಿಯಾಗಿ ಕರೆದಳು: "ಸರ್, ಎಲ್ಲಾರೂ ಫೇಲ್ ಆಗ್ಯಾರ್ರಿ!" ಪರದೆಯ ಮೇಲೆ ಇಡೀ ಕ್ಲಾಸಿಗೆ ಸೊನ್ನೆ. ಅವಳ ಪ್ರೋಗ್ರಾಂನಲ್ಲಿ ಒಂದೇ ಒಂದು ತಪ್ಪಿತ್ತು. ಅದು ಯಾವುದು ಅಂತ ಮುಂದೆ ಹೇಳುತ್ತೇನೆ. ಮೊದಲಿಂದ ಶುರು ಮಾಡೋಣ.

ಒಂದು ಮಾತು. ಇಲ್ಲಿ ಆಜ್ಞೆಗಳ ಹೆಸರನ್ನು ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲೇ ಬರೆಯಬೇಕು. ನಲ್ ಮಾತ್ರ ಪೂರ್ತಿ ದೊಡ್ಡ ಅಕ್ಷರಗಳಲ್ಲಿ, ಕೊನೆಯಲ್ಲಿ ಬರುವ ಡ್ಯಾಶ್ ವಾಲ್‌ನ ಮೊದಲ ಅಕ್ಷರವೂ ದೊಡ್ಡದು.

ಕಂಪ್ಯೂಟರ್ ಮುಟ್ಟುವ ಮೊದಲು

ನೋಟ್‌ಬುಕ್ ತೆಗೆಯಿರಿ. ಮೂರು ವಿದ್ಯಾರ್ಥಿಗಳ, ಮೂರು ವಿಷಯದ ಅಂಕ ಬರೆಯಿರಿ:

101 ಶರಣಮ್ಮ 62 58 59
102 ಮಹಾದೇವ 78 81 90
103 ರೇಣುಕಾ 35 34 88

ಕೈಯಲ್ಲೇ ಲೆಕ್ಕ ಹಾಕಿ. ಶರಣಮ್ಮನ ಮೊತ್ತ 179, ಶೇಕಡಾ 59.67. ಮಹಾದೇವನದು 249, ಶೇಕಡಾ 83. ರೇಣುಕಾಳದು 157, ಶೇಕಡಾ 52.33. ಗ್ರೇಡಿಗೆ ನಾವೇ ಒಂದು ನಿಯಮ ಇಟ್ಟುಕೊಳ್ಳೋಣ: 85 ಮತ್ತು ಮೇಲೆ ಡಿಸ್ಟಿಂಕ್ಷನ್, 60 ಮತ್ತು ಮೇಲೆ ಫಸ್ಟ್ ಕ್ಲಾಸ್, 50 ಮತ್ತು ಮೇಲೆ ಸೆಕೆಂಡ್ ಕ್ಲಾಸ್, 35 ಮತ್ತು ಮೇಲೆ ಪಾಸ್. ಯಾವುದೇ ಒಂದು ವಿಷಯದಲ್ಲಿ 35ಕ್ಕಿಂತ ಕಡಿಮೆ ಬಂದರೆ ಫೇಲ್. ಹಾಗಾಗಿ 52.33 ಇದ್ದರೂ ರೇಣುಕಾ ಫೇಲ್, ಒಂದು ವಿಷಯದಲ್ಲಿ 34 ಬಂದಿದೆ ನೋಡಿ. ಈ ಪುಟ ಹರಿಯಬೇಡಿ, ಕೊನೆಗೆ ಬೇಕಾಗುತ್ತದೆ.

ಈಗ ಅದೇ ಮೂರು ಸಾಲನ್ನು ನೋಟ್‌ಪ್ಯಾಡ್‌ನಲ್ಲಿ ಬರೆದು, ಪ್ರೋಗ್ರಾಂ ಇರುವ ಫೋಲ್ಡರ್‌ನಲ್ಲೇ ಸೇವ್ ಮಾಡಿ. ಹೆಸರು ಮಾರ್ಕ್ಸ್ ಡಾಟ್ ಟಿಎಕ್ಸ್‌ಟಿ. ವಿಂಡೋಸ್ ಫೈಲ್ ಹೆಸರಿನ ಬಾಲವನ್ನು, ಅಂದರೆ ಡಾಟ್ ಟಿಎಕ್ಸ್‌ಟಿಯನ್ನು, ಮುಚ್ಚಿಟ್ಟಿರುತ್ತದೆ. ನೀವು ಬಾಲ ಸೇರಿಸಿ ಹೆಸರು ಬದಲಿಸಿದರೆ ಫೈಲಿಗೆ ಎರಡು ಬಾಲ ಬಂದುಬಿಡುತ್ತದೆ. ಆಮೇಲೆ "ಫೈಲ್ ಇಲ್ಲೇ ಇದೆ, ಆದರೂ ಸಿಗ್ತಿಲ್ಲ" ಅಂತ ಅರ್ಧ ಗಂಟೆ ಹೋಗುತ್ತದೆ.

ಫೈಲ್ ತೆರೆಯುವುದು, ಓದುವುದು

ಫೈಲ್ ತೆರೆಯಲು ಎಫ್‌ಓಪನ್. ಅದಕ್ಕೆ ಫೈಲಿನ ಹೆಸರು ಕೊಡಿ, ಜೊತೆಗೆ ಓದುವುದಕ್ಕೆ ಅಂತ ಆರ್ ಅಕ್ಷರ ಕೊಡಿ. ಫೈಲ್ ಸಿಗದಿದ್ದರೆ ಅದು ನಲ್, ಅಂದರೆ ಏನೂ ಸಿಗಲಿಲ್ಲ ಅನ್ನುವ ಗುರುತು, ಕೊಡುತ್ತದೆ. ಆ ನಲ್ ಅನ್ನು ಪರೀಕ್ಷಿಸದೆ ಮುಂದೆ ಹೋಗಲೇಬೇಡಿ. ನಲ್ ಬಂದರೆ "ಫೈಲ್ ತೆರೆಯಲಿಲ್ಲ" ಅಂತ ಪ್ರಿಂಟ್ ಮಾಡಿ, ಅಲ್ಲೇ ನಿಲ್ಲಿಸಿ.

ಓದಲು ಎಫ್‌ಸ್ಕ್ಯಾನ್‌ಎಫ್. ಒಂದು ಸಾಲಿನಲ್ಲಿ ಐದು ಸಂಗತಿ: ನಂಬರು, ಹೆಸರು, ಮೂರು ಅಂಕ. ಅಂಕಗಳ ಮತ್ತು ನಂಬರಿನ ವೇರಿಯಬಲ್ (ಬೆಲೆ ಇಡುವ ಜಾಗ) ಮುಂದೆ & ಚಿಹ್ನೆ ಹಾಕಬೇಕು, ಹೆಸರಿನ ಅರೇ (ಅಕ್ಷರಗಳ ಸಾಲು ಇಡುವ ಜಾಗ) ಮುಂದೆ ಬೇಡ. ಈ ಎಫ್‌ಸ್ಕ್ಯಾನ್‌ಎಫ್ ತಾನು ಎಷ್ಟು ಸಂಗತಿ ಓದಿದೆ ಅಂತ ಲೆಕ್ಕವನ್ನೂ ಕೊಡುತ್ತದೆ. ಆ ಲೆಕ್ಕ 5 ಆಗಿರುವವರೆಗೆ ಮಾತ್ರ ವೈಲ್ ಲೂಪ್ (ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆಜ್ಞೆ) ತಿರುಗಲಿ.

ಕೆಲವರು ಇದರ ಬದಲು ಎಫ್‌ಇಒಎಫ್ ಹಾಕಿ "ಫೈಲ್ ಮುಗಿಯಿತಾ" ಅಂತ ಕೇಳುತ್ತಾರೆ. ಫೈಲಿನ ತುದಿ ದಾಟಿ ಓದಲು ಹೋಗಿ ಸೋತ ಮೇಲಷ್ಟೇ ಅದು ಹೌದು ಅನ್ನುತ್ತದೆ. ಹಾಗಾಗಿ ಎಷ್ಟೋ ಸಲ ಕೊನೆಯ ವಿದ್ಯಾರ್ಥಿ ಎರಡು ಸಲ ಪ್ರಿಂಟ್ ಆಗುತ್ತಾನೆ.

ಯಾರೋ ಗೈರುಹಾಜರಾಗಿದ್ದಾರೆ, ಅಂಕದ ಜಾಗದಲ್ಲಿ ಎಬಿ ಅಂತ ಬರೆದಿದ್ದೀರಿ ಅನ್ನಿ. ಅಲ್ಲಿ ಲೆಕ್ಕ 5 ಆಗುವುದಿಲ್ಲ, ಲೂಪ್ ಸುಮ್ನೆ ನಿಂತುಬಿಡುತ್ತದೆ. ಅವರ ನಂತರದವರೆಲ್ಲ ಪಟ್ಟಿಯಿಂದ ಮಾಯ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಅದಕ್ಕೇ ಗೈರಾದವರಿಗೆ -1 ಬರೆಯಿರಿ. ಲೂಪ್ ಮುಗಿದ ಮೇಲೆ ಎಷ್ಟು ಜನರನ್ನು ಓದಿದೆ ಅಂತಲೂ ಪ್ರಿಂಟ್ ಮಾಡಿ. ಹಾಜರಿ ಪುಸ್ತಕದಲ್ಲಿ 60 ಇದ್ದು ಇಲ್ಲಿ 41 ಬಂದರೆ ಕೂಡಲೇ ಗೊತ್ತಾಗುತ್ತದೆ, ಅಲ್ವಾ?

ಹೆಸರಿನ ಬಗ್ಗೆ ಒಂದು ಮಾತು, ನಮ್ಮ ಊರಿನವರಿಗೆ ಇದು ಮುಖ್ಯ. ಶರಣಬಸಪ್ಪ ಅನ್ನುವ ಹೆಸರು ನಮ್ಮಲ್ಲಿ ಕ್ಲಾಸಿಗೊಂದಾದರೂ ಇರುತ್ತದೆ. ಕನ್ನಡದಲ್ಲಿ ಬರೆದರೆ ಅಕ್ಷರಗಳನ್ನು ಫೈಲಿನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಅಕ್ಷರಕ್ಕೂ, ಒತ್ತು ಮಾಡುವ ಚಿಹ್ನೆಗೂ 3 ಬೈಟ್ ಬೇಕು. ಶ, ರ, ಣ, ಬ, ಸ, ಪ, ಒತ್ತು ಮಾಡುವ ಚಿಹ್ನೆ, ಮತ್ತೆ ಪ: ಒಟ್ಟು 8, ಅಂದರೆ 24 ಬೈಟ್, ಕೊನೆಯ ಸೊನ್ನೆ ಬೈಟ್ ಸೇರಿ 25. ಪುಸ್ತಕದ ಉದಾಹರಣೆ ನೋಡಿ 20 ಬೈಟಿನ ಅರೇ ಇಟ್ಟಿದ್ದರೆ ಹೆಸರು ಹೊರಗೆ ಚೆಲ್ಲಿ ಪಕ್ಕದ ಅಂಕವನ್ನೇ ಕೆಡಿಸಬಹುದು. 100 ಬೈಟ್ ಇಡಿ, ಓದುವಾಗ 99ರ ಮಿತಿ ಹಾಕಿ. ಹೆಸರಿನ ನಡುವೆ ಜಾಗ ಬಿಟ್ಟರೆ ಓದು ಅಲ್ಲೇ ನಿಲ್ಲುತ್ತದೆ, ಆದ್ದರಿಂದ ಜಾಗದ ಬದಲು ಕೆಳಗೀಟು (ಅಂಡರ್‌ಸ್ಕೋರ್) ಹಾಕಿ.

ಸೊನ್ನೆ ಎಲ್ಲಿಂದ ಬಂತು

ಆ ಹುಡುಗಿ ಬರೆದದ್ದು ಹೀಗೆ: ಮೊತ್ತ / 300 * 100. ಕಾಗದದ ಮೇಲೆ ಇದು ಪೂರ್ತಿ ಸರಿ. ಆದರೆ ಮೊತ್ತ ಇಂಟ್, 300 ಕೂಡ ಪೂರ್ಣಾಂಕ. ಎರಡು ಪೂರ್ಣಾಂಕ ಭಾಗಿಸಿದರೆ ಸಿ ಭಾಷೆ ದಶಾಂಶವನ್ನು ಬಿಟ್ಟುಬಿಡುತ್ತದೆ. 179 / 300 ಅಂದರೆ 0. ಸೊನ್ನೆಯನ್ನು 100ರಿಂದ ಗುಣಿಸಿದರೂ ಸೊನ್ನೆಯೇ. 300ಕ್ಕೆ 300 ತೆಗೆದವರು ಮಾತ್ರ ಪಾಸ್!

"ಹಾಗಾದರೆ ಮೊದಲು ಗುಣಿಸಿದರೆ ಆಯಿತು" ಅಂತ ಪಕ್ಕದ ಹುಡುಗ ಹೇಳಿದ. ಒಳ್ಳೆಯ ಯೋಚನೆಯೇ. ಆದರೂ 17900 / 300 ಅಂದರೆ 59 ಬರುತ್ತದೆ, .67 ಹೋಯಿತು. ಹಳೆಯ ಟರ್ಬೋ ಸಿ ಕಂಪೈಲರ್ (ನಾವು ಬರೆದದ್ದನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶ) ಇದ್ದರೆ ಇನ್ನೊಂದು ಅಪಾಯ. ಅಲ್ಲಿ ಇಂಟ್ 32767 ದಾಟುವುದಿಲ್ಲ. ಆರು ವಿಷಯದಲ್ಲಿ 400 ತೆಗೆದವರಿಗೆ 400 * 100 ಅಂದರೆ 40000, ಅದು ತಿರುಗಿ -25536 ಆಗುತ್ತದೆ. 600ರಿಂದ ಭಾಗಿಸಿದಾಗ ಶೇಕಡಾ -42!

ಸರಿಯಾದ ದಾರಿ ಒಂದು ಚುಕ್ಕಿ ಮತ್ತು ಒಂದು ಸೊನ್ನೆ: ಮೊತ್ತ * 100.0 / 300. ಆ 100.0 ಇದ್ದರೆ ಲೆಕ್ಕವೆಲ್ಲ ದಶಾಂಶದಲ್ಲೇ ನಡೆಯುತ್ತದೆ. ಉತ್ತರವನ್ನು ಡಬಲ್, ಅಂದರೆ ದಶಾಂಶ ಹಿಡಿಯುವ, ವೇರಿಯಬಲ್‌ನಲ್ಲಿ ಇಡಿ. ಅವಳು ತಾನೇ ತಿದ್ದಿ ಮತ್ತೆ ಓಡಿಸಿದಳು. 59.67 ಬಂದಾಗ ಆ ಮುಖ ನೋಡಬೇಕಿತ್ತು.

ಗ್ರೇಡ್ ಕೊಡುವುದು

ಇಫ್, ಎಲ್ಸ್ ಇಫ್ ಸಾಲಾಗಿ ಬರೆಯಿರಿ. ಮೊದಲು ಫೇಲ್ ಪರೀಕ್ಷೆ: ಮೂರರಲ್ಲಿ ಯಾವುದಾದರೂ 35ಕ್ಕಿಂತ ಕಡಿಮೆಯೇ? ಗೈರಾದವರ -1 ಕೂಡ ಇಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ 85, 60, 50 ಹೀಗೆ ಮೇಲಿಂದ ಕೆಳಕ್ಕೆ ಬನ್ನಿ. ಕೆಳಗಿನಿಂದ ಶುರು ಮಾಡಿ "35 ಅಥವಾ ಜಾಸ್ತಿ" ಅಂತ ಮೊದಲೇ ಕೇಳಿದರೆ ಮಹಾದೇವನಿಗೂ ಬರೀ ಪಾಸ್ ಅಂತಲೇ ಬರುತ್ತದೆ.

ಶೇಕಡಾವನ್ನು ಎರಡು ದಶಾಂಶದಲ್ಲಿ ಪ್ರಿಂಟ್ ಮಾಡಿ. ದಶಾಂಶ ಬಿಟ್ಟು ಪ್ರಿಂಟ್ ಮಾಡಿದರೆ ಪ್ರಿಂಟ್‌ಎಫ್ 59.67 ಅನ್ನು 60 ಅಂತ ತೋರಿಸುತ್ತದೆ, ಗ್ರೇಡ್ ಮಾತ್ರ ಸೆಕೆಂಡ್ ಕ್ಲಾಸ್. ಶರಣಮ್ಮ ಕೇಳದೆ ಇರುತ್ತಾಳೆಯೇ? ಅವಳು ಕೇಳುವುದು ನ್ಯಾಯವೇ. ಕೊನೆಗೆ ಎಫ್‌ಕ್ಲೋಸ್ ಹಾಕಿ ಫೈಲ್ ಮುಚ್ಚಿ.

ಜಿಸಿಸಿ ಅನ್ನುವ ಕಂಪೈಲರ್ ಬಳಸುತ್ತಿದ್ದರೆ ಕಂಪೈಲ್ ಮಾಡುವಾಗ ಡ್ಯಾಶ್ ವಾಲ್ ಆಯ್ಕೆ ಸೇರಿಸಿ, ಬಿಟ್ಟುಹೋದ & ಚಿಹ್ನೆಯನ್ನು ಅದೇ ಹಿಡಿದು ಹೇಳುತ್ತದೆ. ಈಗ ಆ ನೋಟ್‌ಬುಕ್ ಪುಟ ತೆಗೆದು ಪರದೆಯ ಪಕ್ಕ ಇಡಿ. ಮೂರೂ ಸಾಲು ಹೊಂದಿದರೆ ಅಂಕಗಳನ್ನು 35, 35, 35 ಮಾಡಿ ನೋಡಿ, 180ರ ಮೊತ್ತ ಕೊಟ್ಟು ನೋಡಿ, ಖಾಲಿ ಫೈಲನ್ನೂ ಕೊಟ್ಟು ನೋಡಿ. ಇಷ್ಟರಲ್ಲೂ ಸರಿ ಬಂದ ಮೇಲೆ ಇಡೀ ಕ್ಲಾಸಿನ ಫೈಲ್ ಹಾಕಿ.