ಇಂಗ್ಲೆಂಡಿನಲ್ಲಿ ನಾಯಿಯನ್ನು ವಾಕಿಂಗ್‌ಗೆ ಕರೆದೊಯ್ಯುವ ಮುನ್ನ: ಕೌನ್ಸಿಲ್ ಆದೇಶವನ್ನು ಓದುವ ಬಗೆ

ನಮ್ಮ ಮನೆಯ ಹತ್ತಿರದ ಪಾರ್ಕಿನ ಗೇಟಿಗೆ ಒಂದು ಫಲಕ ಕಟ್ಟಿದ್ದಾರೆ. ನಾಯಿಯ ಚಿತ್ರದ ಮೇಲೆ ಕೆಂಪು ಅಡ್ಡಗೆರೆ, ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಕಾಯ್ದೆಯ ಹೆಸರು, ದಂಡದ ಮೊತ್ತ. ಮೇಲಿನ ಪ್ಲಾಸ್ಟಿಕ್ ಹಾಳೆಯೊಳಗೆ ಮಳೆನೀರು ಇಳಿದು ಕೊನೆಯ ಸಾಲು ಪೂರ್ತಿ ಅಳಿಸಿಹೋಗಿದೆ. ಆ ಸಾಲಿನಲ್ಲಿ ಇದ್ದದ್ದು ದಿನಾಂಕ: ಆದೇಶ ಎಂದಿನಿಂದ ಜಾರಿಯಲ್ಲಿದೆ, ಎಂದಿಗೆ ಮುಗಿಯುತ್ತದೆ ಎಂಬ ವಿವರ. ಇಂಗ್ಲೆಂಡಿಗೆ ಬಂದು ನಾಯಿ ಸಾಕುತ್ತಿರುವ ಕನ್ನಡಿಗರಲ್ಲಿ ಬಹುತೇಕರು ಕೆಂಪು ಗೆರೆಯನ್ನು ಮಾತ್ರ ನೋಡಿ ಹಿಂದಿರುಗುತ್ತಾರೆ ಅಥವಾ ಅದನ್ನೂ ನೋಡದೆ ಒಳಗೆ ಹೋಗುತ್ತಾರೆ. ಈ ನಿರ್ಬಂಧಗಳು ದಿನಾಂಕ, ನಕ್ಷೆ ಮತ್ತು ಜನಾಭಿಪ್ರಾಯ ಮೂರಕ್ಕೂ ಬದ್ಧವಾದ ಲಿಖಿತ ಆದೇಶಗಳು. ಅವನ್ನು ಮೂಲದಲ್ಲೇ ಓದಿಕೊಂಡರೆ ನಾಯಿಗೆ ಓಡಾಡುವ ಜಾಗವೂ ಸಿಗುತ್ತದೆ, ನಮಗೆ ದಂಡವೂ ತಪ್ಪುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ನಿರ್ಬಂಧ ಹೇರುವ ಅಧಿಕಾರ ಕೌನ್ಸಿಲ್‌ಗಳಿಗೆ, ಅಂದರೆ ಸ್ಥಳೀಯ ಆಡಳಿತ ಸಂಸ್ಥೆಗಳಿಗೆ, ಬಂದಿರುವುದು 2014ರ ಸಮಾಜವಿರೋಧಿ ವರ್ತನೆ, ಅಪರಾಧ ಮತ್ತು ಪೊಲೀಸ್ ಕಾಯ್ದೆಯಿಂದ. ಅದರ 59ನೇ ಸೆಕ್ಷನ್ ಪ್ರಕಾರ ಕೌನ್ಸಿಲ್ ಹೊರಡಿಸುವ ಆದೇಶಕ್ಕೆ ಪಬ್ಲಿಕ್ ಸ್ಪೇಸಸ್ ಪ್ರೊಟೆಕ್ಷನ್ ಆರ್ಡರ್ ಎಂದು ಹೆಸರು. ಕಚೇರಿಗಳಲ್ಲಿಯೂ ಪಾರ್ಕಿನಲ್ಲಿಯೂ ಎಲ್ಲರೂ ಪಿಎಸ್‌ಪಿಒ ಎಂದೇ ಕರೆಯುತ್ತಾರೆ. ಇದಕ್ಕೆ ಮುಂಚೆ 2005ರ ಕಾಯ್ದೆಯಡಿ ಡಾಗ್ ಕಂಟ್ರೋಲ್ ಆರ್ಡರ್‌ಗಳು ಇದ್ದವು. ಉಳಿದಿದ್ದವೆಲ್ಲ 2017ರ ಅಕ್ಟೋಬರ್ 20ರಂದು ತಾವಾಗಿಯೇ ಪಿಎಸ್‌ಪಿಒಗಳಾಗಿ ಬದಲಾದವು. ಹೀಗಾಗಿ 2005ರ ಕಾಯ್ದೆಯನ್ನೇ ಉಲ್ಲೇಖಿಸುವ ಹಳೆಯ ಫಲಕ ಎಲ್ಲಾದರೂ ಕಂಡರೆ ಆ ಬರಹ ಕಾಲಮೀರಿದ್ದು ಎಂದು ತಿಳಿಯಬಹುದು. ಆದರೆ ಅಲ್ಲಿ ನಿರ್ಬಂಧವೇ ಇಲ್ಲವೆಂದುಕೊಂಡು ನಾಯಿಯನ್ನು ಬಿಡಬಾರದು, ಏಕೆಂದರೆ ಅದೇ ಜಾಗಕ್ಕೆ ಹೊಸ ಆದೇಶ ಬಂದಿದ್ದು ಫಲಕವನ್ನು ಮಾತ್ರ ಬದಲಿಸದೆ ಬಿಟ್ಟಿರಬಹುದು. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನಲ್ಲಿ ಬೇರೆ ಕಾಯ್ದೆಗಳಿವೆ, ಅಲ್ಲಿರುವವರಿಗೆ ಇಲ್ಲಿನ ವಿವರ ಅನ್ವಯಿಸುವುದಿಲ್ಲ.

ಮೊದಲು ಮಾಡಬೇಕಾದ ಕೆಲಸವೆಂದರೆ ನೀವು ನಡೆದಾಡುವ ಜಾಗ ಯಾವ ಕೌನ್ಸಿಲ್‌ಗೆ ಸೇರಿದ್ದೆಂದು ಖಚಿತಪಡಿಸಿಕೊಳ್ಳುವುದು. ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಕೌನ್ಸಿಲ್‌ನ ಹೆಸರು ಸಿಗುತ್ತದೆ. ಕೆಲವು ಕಡೆ ಕೌಂಟಿ ಕೌನ್ಸಿಲ್, ಡಿಸ್ಟ್ರಿಕ್ಟ್ ಕೌನ್ಸಿಲ್ ಎಂದು ಎರಡು ಹೆಸರುಗಳು ಬರುತ್ತವೆ. ಅಂಥಲ್ಲಿ ಈ ಆದೇಶ ಹೊರಡಿಸುವ ಅಧಿಕಾರ ಇರುವುದು ಡಿಸ್ಟ್ರಿಕ್ಟ್ ಕೌನ್ಸಿಲ್‌ಗೆ. ಹಳ್ಳಿಯ ಪ್ಯಾರಿಷ್ ಕೌನ್ಸಿಲ್‌ಗೆ ಈ ಅಧಿಕಾರವೇ ಇಲ್ಲ. ಪಾರ್ಕು ಊರಿನ ಅಂಚಿನಲ್ಲಿದ್ದರೆ ಮನೆಯ ಪೋಸ್ಟ್‌ಕೋಡ್ ಸಾಲದು, ಪಾರ್ಕಿನದೇ ಪೋಸ್ಟ್‌ಕೋಡ್ ಹಾಕಿ ನೋಡಬೇಕು, ಏಕೆಂದರೆ ಒಂದು ಹಳ್ಳದ ಆಚೆ ಬದಿ ಬೇರೆ ಕೌನ್ಸಿಲ್, ಬೇರೆ ನಿಯಮ ಆಗಿರುವುದು ಅಪರೂಪವಲ್ಲ. ಆಮೇಲೆ ಆ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಪಿಎಸ್‌ಪಿಒ ಎಂದು ಹುಡುಕಿದರೆ ಸಹಿಮಾಡಿದ ಆದೇಶದ ಪಿಡಿಎಫ್ ಪ್ರತಿ ದೊರೆಯಬೇಕು. ಆದೇಶವನ್ನು ವೆಬ್‌ಸೈಟಿನಲ್ಲಿ ಪ್ರಕಟಿಸುವುದೂ ಸ್ಥಳದಲ್ಲಿ ಜನರ ಗಮನಕ್ಕೆ ಬರುವಷ್ಟು ಫಲಕ ಹಾಕುವುದೂ ಕೌನ್ಸಿಲ್‌ನ ಕರ್ತವ್ಯ. ಸಿಗದಿದ್ದರೆ ಇಮೇಲ್ ಕಳುಹಿಸಿ ಕೇಳಿ. ಕೇಳಲು ಸಂಕೋಚಪಡುವ ಅಗತ್ಯವಿಲ್ಲ.

ಆದೇಶವನ್ನು ಕೈಗೆತ್ತಿಕೊಂಡಾಗ ನಡುವಿನ ಪುಟಗಳಿಗಿಂತ ಮೊದಲು ಕೊನೆಯ ಪುಟಗಳಿಗೆ ಹೋಗಿ ಎಂದು ನಾನು ಹೇಳುತ್ತೇನೆ. ಅಲ್ಲಿ ಅನುಸೂಚಿಗಳೂ ನಕ್ಷೆಗಳೂ ಇರುತ್ತವೆ. ಒಂದೇ ಪಾರ್ಕಿನಲ್ಲಿ ಬೇಲಿ ಹಾಕಿದ ಮಕ್ಕಳ ಆಟದ ಜಾಗಕ್ಕೆ ಒಂದು ಬಣ್ಣ, ಕೊಳದ ಸುತ್ತಲಿನ ದಾರಿಗೆ ಇನ್ನೊಂದು ಬಣ್ಣ, ತೆರೆದ ಹುಲ್ಲುಗಾವಲಿಗೆ ಬಣ್ಣವೇ ಇಲ್ಲ ಎಂಬಂತೆ ನಕ್ಷೆ ಬರೆದಿರುತ್ತಾರೆ. ಸಾಮಾನ್ಯವಾಗಿ ನಿರ್ಬಂಧಗಳಲ್ಲಿ ಐದು ಬಗೆ: ನಾಯಿಗೆ ಪ್ರವೇಶವೇ ಇಲ್ಲದ ಜಾಗ, ಸದಾ ಬಾರು ಹಾಕಿರಬೇಕಾದ ಜಾಗ, ಅಧಿಕಾರಿ ಹೇಳಿದಾಗ ಬಾರು ಹಾಕಬೇಕಾದ ಜಾಗ, ಒಬ್ಬರು ಒಟ್ಟಿಗೆ ಕರೆದೊಯ್ಯಬಹುದಾದ ನಾಯಿಗಳ ಗರಿಷ್ಠ ಸಂಖ್ಯೆ, ಮಲವನ್ನು ತಕ್ಷಣ ಎತ್ತಬೇಕೆಂಬ ನಿಯಮ. ಕಡೆಯದು ಬಹುಮಟ್ಟಿಗೆ ಇಡೀ ಕೌನ್ಸಿಲ್ ವ್ಯಾಪ್ತಿಗೆ ಅನ್ವಯಿಸುತ್ತದೆ. ಚೀಲ ಇರಲಿಲ್ಲ, ನಾಯಿ ಕೂತದ್ದು ಕಾಣಲಿಲ್ಲ ಎಂಬ ಸಬೂಬು ನಡೆಯುವುದಿಲ್ಲವೆಂದು ಅನೇಕ ಆದೇಶಗಳಲ್ಲಿ ಸ್ಪಷ್ಟವಾಗಿಯೇ ಬರೆದಿರುತ್ತದೆ. ಅಧಿಕಾರಿ ಕೇಳಿದಾಗ ಚೀಲ ತೋರಿಸಲೇಬೇಕು ಎನ್ನುವ ಕೌನ್ಸಿಲ್‌ಗಳೂ ಇವೆ. ಬಾರಿನ ಉದ್ದವನ್ನೂ ಕೆಲವು ಆದೇಶಗಳು ನಿಗದಿಪಡಿಸುತ್ತವೆ, ಆದ್ದರಿಂದ ಗುಂಡಿ ಒತ್ತಿದರೆ ಐದು ಮೀಟರ್ ಬಿಚ್ಚಿಕೊಳ್ಳುವ ಬಾರನ್ನು ನಂಬಿಕೊಂಡು ಹೋಗುವ ಮುನ್ನ ಆ ಸಾಲನ್ನು ಓದಿ. ಸಮುದ್ರತೀರಗಳಲ್ಲಿ ನಿರ್ಬಂಧ ಕಾಲಕ್ಕೆ ತಕ್ಕಂತೆ ಇರುತ್ತದೆ. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ನಾಯಿಗೆ ಪ್ರವೇಶವಿಲ್ಲ ಎಂಬುದು ಹಲವೆಡೆ ಕಾಣುವ ಮಾದರಿ. ಅದೇ ಮರಳಿನಲ್ಲಿ ಅಕ್ಟೋಬರ್‌ನಲ್ಲಿ ನಾಯಿ ಮನಸಾರೆ ಓಡಬಹುದು.

ಆಟದ ಜಾಗದ ನಿಷೇಧದ ಬಗ್ಗೆ ಒಂದು ಮಾತು, ಏಕೆಂದರೆ ನಾಯಿ ಸಾಕುವವರು ಇದನ್ನು ಅವಮಾನವೆಂದು ಭಾವಿಸುವುದನ್ನು ಕಂಡಿದ್ದೇನೆ. ನಾಯಿಯ ಮಲದಲ್ಲಿ ಟಾಕ್ಸೊಕಾರಾ ಎಂಬ ಜಂತುವಿನ ಮೊಟ್ಟೆಗಳು ಇರಬಹುದು. ಅವು ಮಣ್ಣಿನಲ್ಲಿ ಕೆಲವು ವಾರ ಕಳೆದ ಮೇಲೆ ಸೋಂಕು ಹರಡುವ ಸ್ಥಿತಿಗೆ ಬರುತ್ತವೆ, ಮಲ ಕರಗಿ ಕಾಣದಂತಾದ ಮೇಲೂ ಬಹುಕಾಲ ಉಳಿಯುತ್ತವೆ. ಮಣ್ಣಿನ ಕೈಯನ್ನು ಬಾಯಿಗಿಡುವ ಮಗುವಿನ ದೇಹವನ್ನು ಸೇರಿದರೆ, ಅಪರೂಪಕ್ಕೆ, ಕಣ್ಣಿಗೂ ಹಾನಿಯಾಗುತ್ತದೆ. ದನ ಮೇಯುವ ಹೊಲದಲ್ಲಿ ಮಲ ಬಿಟ್ಟರೆ ನಿಯೊಸ್ಪೊರಾ ಎಂಬ ಪರೋಪಜೀವಿಯಿಂದ ಗಬ್ಬದ ಹಸುಗಳು ಕಂದು ಹಾಕುವ ಅಪಾಯವಿದೆ. ಬೇಲಿಯೊಳಗೆ ನಾಯಿಯನ್ನು ಬಿಡದಿರಲು ನನಗೆ ಇಷ್ಟು ಕಾರಣ ಸಾಕು, ಫಲಕ ಇದ್ದರೂ ಇಲ್ಲದಿದ್ದರೂ.

ಊರಿನಿಂದ ತಂದೆತಾಯಿ ಅಥವಾ ಅತ್ತೆಮಾವ ಕೆಲವು ತಿಂಗಳು ಬಂದಿದ್ದು, ಮಗಳು ಅಳಿಯ ಕೆಲಸಕ್ಕೆ ಹೋದಾಗ ನಾಯಿಯನ್ನು ಕರೆದುಕೊಂಡು ಹೊರಡುವ ಮನೆಗಳು ನಮ್ಮವರಲ್ಲಿ ಬಹಳ. ಸಾಮಾನ್ಯವಾಗಿ ಆದೇಶದಲ್ಲಿ ಹೊಣೆ ಹೊರಿಸಿರುವುದು ಆ ಹೊತ್ತಿನಲ್ಲಿ ನಾಯಿ ಯಾರ ಸುಪರ್ದಿನಲ್ಲಿದೆಯೋ ಅವರ ಮೇಲೆ. ಅಂದರೆ ದಂಡದ ನೋಟಿಸ್ ಬರುವುದು ಅಪ್ಪನ ಹೆಸರಿಗೆ. ಆದ್ದರಿಂದ ಅವರನ್ನು ಒಮ್ಮೆ ಜೊತೆಗೆ ಕರೆದೊಯ್ದು, ಎಲ್ಲಿ ಬಾರು ಬಿಚ್ಚಬಹುದು, ಎಲ್ಲಿ ಕೂಡದು, ಕಸದ ಡಬ್ಬಿ ಎಲ್ಲಿದೆ ಎಂದು ತೋರಿಸಿ. ಬಾಗಿಲ ಬಳಿಯ ಮೊಳೆಗೆ ಬಾರು ತೂಗುಹಾಕುವಾಗ ಅದರ ಹಿಡಿಗೇ ಚೀಲದ ಸುರುಳಿಯನ್ನು ಕಟ್ಟಿಟ್ಟರೆ ಮರೆಯುವ ಪ್ರಮೇಯವೇ ಬರುವುದಿಲ್ಲ. ನಮ್ಮಮ್ಮನಿಗೆ ನಾನು ಮಾಡಿಕೊಟ್ಟ ಏರ್ಪಾಡು ಇದೇ.

ಪಿಎಸ್‌ಪಿಒಗೆ ಸೇರದ ಕೆಲವು ನಿಯಮಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1992ರ ಆದೇಶದಂತೆ ಸಾರ್ವಜನಿಕ ಜಾಗದಲ್ಲಿ ನಾಯಿಯ ಕೊರಳಪಟ್ಟಿಯಲ್ಲಿ ಮಾಲೀಕರ ಹೆಸರು ಮತ್ತು ವಿಳಾಸ ಇರಬೇಕು. 2016ರ ಏಪ್ರಿಲ್‌ನಿಂದ ಮೈಕ್ರೋಚಿಪ್ ಕಡ್ಡಾಯ. 2000ದ ಕಾಯ್ದೆಯಡಿ ಸಾರ್ವಜನಿಕರಿಗೆ ತೆರೆದಿರುವ ಬೆಟ್ಟ, ಪೊದೆಗಾಡು, ಮೈದಾನಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ, ಜಾನುವಾರು ಇರುವಲ್ಲಿ ವರ್ಷವಿಡೀ, ಎರಡು ಮೀಟರ್ ಮೀರದ ಬಾರು ಇರಬೇಕು. ನೆಲದ ಮೇಲೆ ಗೂಡುಕಟ್ಟುವ ಹಕ್ಕಿಗಳ ರಕ್ಷಣೆಗಾಗಿ ಈ ತಿಂಗಳುಗಳು.

ಇನ್ನು ದಂಡ. 2014ರ ಕಾಯ್ದೆ ಬಂದಾಗ ಸ್ಥಳದಲ್ಲಿ ಕೊಡುವ ನೋಟಿಸ್‌ನ ಗರಿಷ್ಠ ಮೊತ್ತ 100 ಪೌಂಡ್. ಮೊಕದ್ದಮೆಯಾಗಿ ತಪ್ಪು ಸಾಬೀತಾದರೆ 1,000 ಪೌಂಡ್‌ವರೆಗೆ. ಸದ್ಯದ ಮೊತ್ತಕ್ಕೆ ನಿಮ್ಮ ಕೈಗೆ ಬಂದ ನೋಟಿಸ್‌ನ್ನೇ ನೋಡಿ. ನೋಟಿಸ್‌ನ ದಿನಾಂಕದಿಂದ 14 ದಿನಗಳ ಗಡುವಿದೆ. ಅಷ್ಟರಲ್ಲಿ ಕಟ್ಟಿದರೆ ವಿಷಯ ಅಲ್ಲಿಗೆ ಮುಗಿಯುತ್ತದೆ, ಅಪರಾಧ ಸಾಬೀತಾದಂತೆ ಆಗುವುದಿಲ್ಲ. ಇದರ ವಿರುದ್ಧ ಮೇಲ್ಮನವಿಗೆ ಕಾಯ್ದೆಯಲ್ಲಿ ಪ್ರತ್ಯೇಕ ದಾರಿ ಇಲ್ಲ. ತಪ್ಪು ಮಾಡಿಲ್ಲವೆಂದು ನಿಮಗೆ ಖಚಿತವಿದ್ದರೆ ಕೌನ್ಸಿಲ್‌ಗೆ ಬರೆದು ನೋಟಿಸ್ ಹಿಂಪಡೆಯಲು ಕೇಳಬಹುದು. ಅವರು ಒಪ್ಪದೆ ನೀವೂ ಕಟ್ಟದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ವಾದಿಸಬೇಕಾಗುತ್ತದೆ. ಸಮಂಜಸ ಕಾರಣವಿದ್ದು ಆದೇಶ ಪಾಲಿಸಲಾಗದಿದ್ದರೆ ಅದು ಅಪರಾಧವಲ್ಲವೆಂದು ಕಾಯ್ದೆಯೇ ಹೇಳುತ್ತದೆ. ಆ ದಿನವೇ ಗೇಟಿನ ಫಲಕದ, ಅಥವಾ ಫಲಕವಿಲ್ಲದ ಗೇಟಿನ, ಫೋಟೊ ತೆಗೆದಿಟ್ಟುಕೊಳ್ಳಿ. ನಮ್ಮ ಪಾರ್ಕಿನಂತೆ ನೀರಿಳಿದು ಅಳಿಸಿದ ಫಲಕವಾದರೆ ಆ ಫೋಟೊಗೆ ಬೆಲೆಯಿದೆ.

ಬಹುತೇಕರು ಕೈಬಿಡುವ ಹಂತ ಅಭಿಪ್ರಾಯ ಸಂಗ್ರಹಣೆಯದು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ. ಯಾವ ಪಿಎಸ್‌ಪಿಒ ಕೂಡ ಮೂರು ವರ್ಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಮುಂದುವರಿಸಬೇಕಾದರೆ, ತಿದ್ದಬೇಕಾದರೆ, ಹೊಸದಾಗಿ ಮಾಡಬೇಕಾದರೆ ಕೌನ್ಸಿಲ್ ಪೊಲೀಸರನ್ನೂ ಸೂಕ್ತವೆನಿಸಿದ ಸಮುದಾಯದ ಪ್ರತಿನಿಧಿಗಳನ್ನೂ ಕೇಳಲೇಬೇಕು, ಸಾಮಾನ್ಯವಾಗಿ ಸಾರ್ವಜನಿಕರಿಗೂ ಪ್ರಶ್ನಾವಳಿ ಕೊಡುತ್ತದೆ. ಅದಕ್ಕೆ ಉತ್ತರಿಸಲು ನೀವು ಬ್ರಿಟಿಷ್ ಪ್ರಜೆಯಾಗಿರಬೇಕಿಲ್ಲ. ‘ನಮ್ಮ ನಾಯಿ ಸಾಧು, ನಿಷೇಧ ಅನ್ಯಾಯ’ ಎಂದಷ್ಟೇ ಬರೆದರೆ ಅದಕ್ಕೆ ತೂಕವಿರುವುದಿಲ್ಲ. ಕಾಯ್ದೆ ಕೇಳುವ ಪ್ರಶ್ನೆಗಳಿಗೇ ಉತ್ತರಿಸಿ: ಈ ಜಾಗದಲ್ಲಿ ತೊಂದರೆ ನಿಜವಾಗಿ ಆಗುತ್ತಿದೆಯೆ, ಅದು ಪದೇ ಪದೇ ಆಗುವಂಥದ್ದೆ, ಸುತ್ತಲಿನವರ ಬದುಕಿಗೆ ಅದರಿಂದ ಕೆಡುಕಾಗುತ್ತಿದೆಯೆ, ಪ್ರಸ್ತಾವಿತ ನಿರ್ಬಂಧ ಆ ತೊಂದರೆಗೆ ತಕ್ಕಷ್ಟೇ ಇದೆಯೆ. 2006ರ ಪ್ರಾಣಿ ಕಲ್ಯಾಣ ಕಾಯ್ದೆ ನಾಯಿಯ ಅಗತ್ಯಗಳನ್ನು ಪೂರೈಸುವ ಹೊಣೆಯನ್ನು ನಮ್ಮ ಮೇಲೆ ಹೊರಿಸಿದೆ. ಆದ್ದರಿಂದ ಬಾರಿಲ್ಲದೆ ಓಡಲು ನಡೆದು ತಲುಪುವಷ್ಟು ಹತ್ತಿರದಲ್ಲಿ ಬೇರೆ ಜಾಗ ಉಳಿಯುತ್ತದೆಯೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ನಮ್ಮ ಊರಿನ ಕರಡು ನಕ್ಷೆಯಲ್ಲಿ ಇದ್ದ ಒಂದೇ ದೊಡ್ಡ ಬಯಲಿಗೆ ಇಡೀ ದಿನ ಬಾರು ಕಡ್ಡಾಯವೆಂದು ಬಣ್ಣ ಹಚ್ಚಿದ್ದರು. ನಾವು ಏಳು ಮನೆಯವರು ಎರಡು ವಾರ ಬೆಳಗ್ಗೆ ಆರರಿಂದ ಎಂಟರವರೆಗೆ ಯಾರು ಯಾರು ಬಯಲಿಗೆ ಬರುತ್ತಾರೆ, ಶಾಲೆಯ ಆಟ ಎಷ್ಟು ಗಂಟೆಗೆ ಶುರುವಾಗುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. ಆ ಹಾಳೆಗಳನ್ನು ಉತ್ತರದ ಜೊತೆ ಲಗತ್ತಿಸಿ, ಆಟ ಇರುವ ಹೊತ್ತಿಗೆ ಮಾತ್ರ ನಿರ್ಬಂಧ ಇರಲಿ ಎಂದು ಕೇಳಿದೆವು. ಅಂತಿಮ ಆದೇಶದಲ್ಲಿ ಬೆಳಗಿನ ಎರಡು ಗಂಟೆ ನಮಗೆ ಉಳಿಯಿತು. ದೂರು ಹೇಳುವುದಕ್ಕಿಂತ, ಬದಲಿಗೆ ಏನು ಮಾಡಬಹುದೆಂದು ಸಮಯ ಮತ್ತು ಜಾಗದ ಸಮೇತ ಬರೆದು ಕೊಡುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅನುಭವ.

ಇಷ್ಟಾದ ಮೇಲೂ ಆದೇಶವೇ ಕಾಯ್ದೆಗೆ ವಿರುದ್ಧವಾಗಿದೆ ಎನಿಸಿದರೆ, ಆ ಪ್ರದೇಶದಲ್ಲಿ ವಾಸಿಸುವವರು ಅಥವಾ ಅಲ್ಲಿ ನಿಯತವಾಗಿ ಕೆಲಸ ಮಾಡುವವರು, ಬಂದುಹೋಗುವವರು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ಆದೇಶ ಹೊರಟ ಅಥವಾ ತಿದ್ದುಪಡಿಯಾದ ದಿನದಿಂದ ಆರು ವಾರಗಳೊಳಗೆ ಅರ್ಜಿ ಹಾಕಬೇಕು. ವಕೀಲರ ಖರ್ಚು ದೊಡ್ಡದು. ಆದ್ದರಿಂದಲೇ ಕರಡಿನ ಹಂತದಲ್ಲಿ ಮಾತಾಡುವುದು ಮೇಲು. ನಿಮ್ಮ ಆದೇಶದ ಮುಕ್ತಾಯದ ದಿನಾಂಕವನ್ನು ಇವತ್ತೇ ಹುಡುಕಿ, ಅದಕ್ಕೆ ಆರು ತಿಂಗಳು ಮುಂಚಿನ ಒಂದು ದಿನವನ್ನು ಫೋನಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಏಕೆಂದರೆ ಹೊಸ ಪ್ರಶ್ನಾವಳಿ ಹೊರಬೀಳುವುದು ಹೆಚ್ಚುಕಡಿಮೆ ಆ ಹೊತ್ತಿಗೆ.