ಊರಿನ ಬಸ್ಸು ಹತ್ತಿಸುವ ಮೊದಲು

ಮುಂಬಯಿ ಅಂಧೇರಿಯ ಹೋಟೆಲೊಂದರ ಗಲ್ಲೆಯಲ್ಲಿ, ಅಂದರೆ ದುಡ್ಡು ಎಣಿಸುವ ಮೇಜಿನಲ್ಲಿ, ಕೂತು ತಲೆ ನರೆತಿದೆ ನನಗೆ. ಹುಡುಗನೊಬ್ಬ ಮಂಕಾದ, ನಿದ್ದೆ ಮಾಡುತ್ತಿಲ್ಲ, ಊಟ ಬಿಟ್ಟಿದ್ದಾನೆ ಅಂದರೆ ನಮ್ಮ ಹೋಟೆಲ್ ಮಂದಿಗೆ ಗೊತ್ತಿರುವ ಮದ್ದು ಒಂದೇ: "ಊರಿಗೆ ಕಳಿಸಿಬಿಡಿ ಮಾರಾಯ್ರೆ." ಸಂಜೆಯ ಬಸ್ಸಿಗೆ ಟಿಕೆಟು, ಕೈಗೆ ಒಂದಿಷ್ಟು ದುಡ್ಡು, ಅಲ್ಲಿಗೆ ಮುಗಿಯಿತು. ಆ ಸ್ಥಿತಿಯಲ್ಲಿರುವವನನ್ನು ರಾತ್ರಿಯಿಡೀ ಒಬ್ಬನನ್ನೇ ಬಸ್ಸಿನಲ್ಲಿ ಕೂರಿಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಊರಿಗೆ ಹೋಗಲಿ, ದೈವದ ದರ್ಶನ ಕೇಳಲಿ, ಬೇಡ ಅನ್ನುವುದಿಲ್ಲ. ಮೊದಲು ಇಲ್ಲೇ ಡಾಕ್ಟರಿಗೆ ತೋರಿಸಿ, ಆಮೇಲೆ ಜೊತೆಗೊಬ್ಬರನ್ನು ಕೊಟ್ಟು ಕಳಿಸಿ.

ಫೋನಿನಿಂದ ಶುರು ಮಾಡಿ. 14416, ಮನಸ್ಸಿನ ತೊಂದರೆಗೆಂದೇ ಇರುವ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್. 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಹಗಲು ರಾತ್ರಿ ನಡೆಯುತ್ತದೆ, ಕಾಸು ಖರ್ಚಿಲ್ಲ. ಭಾಷೆ ಆರಿಸಿಕೊಳ್ಳಬಹುದು, ಪಟ್ಟಿಯಲ್ಲಿ ಕನ್ನಡವೂ ಇದೆ. ಗಿರಾಕಿಗಳ ಹತ್ತಿರ ಪಟಪಟ ಹಿಂದಿ ಮಾತಾಡುವ ಹುಡುಗನಿಗೂ ಎದೆಯೊಳಗಿನದನ್ನು ಹೇಳುವಾಗ ಹಿಂದಿ ಕೈಕೊಡುತ್ತದೆ, ಹಾಗಾಗಿ ಕನ್ನಡವನ್ನೇ ಒತ್ತಿ. ಹಿಂದಿ, ಇಂಗ್ಲಿಷ್ ಸಲೀಸಾಗಿದ್ದರೆ ಟಾಟಾ ಸಮಾಜ ವಿಜ್ಞಾನ ಇನ್‌ಸ್ಟಿಟ್ಯೂಟಿನವರ (ಟಿಸ್) ಸಹಾಯವಾಣಿ ಐಕಾಲ್ ಇದೆ: 9152987821. ಅದು ಇಡೀ ರಾತ್ರಿ ಇರುವುದಿಲ್ಲ, ಹಗಲು ಹೊತ್ತಿನಲ್ಲೇ ಮಾಡಿ.

ಎಲ್ಲಿ ನಿಂತು ಮಾತಾಡುವುದು ಅನ್ನುವುದೇ ಮುಂಬಯಿಯಲ್ಲಿ ದೊಡ್ಡ ತಲೆನೋವು. ಒಂದು ಕೋಣೆಯಲ್ಲಿ ಎಂಟು ಜನ ಮಲಗುವ ಕಡೆ ಯಾರು ಬಾಯಿ ಬಿಡುತ್ತಾರೆ? ಸ್ಟೋರ್ ರೂಮಿನ ಬಾಗಿಲು ಹಾಕಿಕೊಡಿ, ಇಲ್ಲವೇ ಹತ್ತಿರದ ಗಾರ್ಡನ್ನಿನ ಬೆಂಚಿಗೆ ಕರೆದುಕೊಂಡು ಹೋಗಿ ನೀವು ಸ್ವಲ್ಪ ದೂರ ಕೂತಿರಿ. ಗಾಳಿಗೆಂದು ಟೆರೇಸಿಗೆ, ರೈಲ್ವೆ ಪ್ಲಾಟ್‌ಫಾರ್ಮಿಗೆ ಮಾತ್ರ ಬೇಡ.

ಅನುಮಾನ ಬಂದರೆ ನೇರವಾಗಿ ಕೇಳಿ: "ಸಾಯಬೇಕು ಅಂತ ಅನಿಸ್ತಿದೆಯೇನೋ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬುದು ಸುಳ್ಳು. ಹೌದು ಅಂದರೆ ಬುದ್ಧಿವಾದ ಹೇಳಲು ಹೋಗಬೇಡಿ, ಒಬ್ಬನನ್ನೇ ಬಿಡಬೇಡಿ, ಮಾತ್ರೆ, ಇಲಿ ಪಾಷಾಣ, ಅಡುಗೆಮನೆಯ ಚೂರಿ ಎಲ್ಲ ಕೈಗೆ ಸಿಗದಂತೆ ಎತ್ತಿಡಿ. ಏನಾದರೂ ಮಾಡಿಕೊಂಡೇಬಿಟ್ಟಿದ್ದರೆ 108ರ ಆಂಬ್ಯುಲೆನ್ಸ್ ಅಥವಾ 112. ಅದು ಬರುವುದು ತಡವಾದರೆ ರಿಕ್ಷಾದಲ್ಲೇ ಹತ್ತಿರದ ದೊಡ್ಡಾಸ್ಪತ್ರೆಯ ಕ್ಯಾಶುವಾಲ್ಟಿಗೆ.

ಪೊಲೀಸ್ ಕೇಸಾಗುತ್ತದೆ ಎಂದು ಮುಚ್ಚಿಡುವವರಿದ್ದಾರೆ, ಮುಖ್ಯವಾಗಿ ಮಾಲಕರು. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಪೊಲೀಸರು ಹೇಳಿಕೆ ಬರೆದುಕೊಳ್ಳುತ್ತಾರೆ, ಅದು ನಿಜ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಸಾಯಲು ಪ್ರಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದ ಎಂದೇ ಕಾನೂನು ಭಾವಿಸಬೇಕು. ಜೈಲಿಗೆ ಹಾಕುವ ಮಾತಲ್ಲ, ಆರೈಕೆ ಕೊಡುವುದು ಸರ್ಕಾರದ ಹೊಣೆ.

ಅಷ್ಟು ಅವಸರವಿಲ್ಲದಿದ್ದರೆ ಮುನಸಿಪಾಲಿಟಿ ಆಸ್ಪತ್ರೆಯ ಓಪಿಡಿ. ಪಶ್ಚಿಮದ ಕಡೆಯವರಿಗೆ ಕೂಪರ್, ಪೇಟೆಯ ಕಡೆ ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್‌ನ ನಾಯರ್, ಸಯನ್. ಬೆಳಿಗ್ಗೆ ಬೇಗ ಹೋಗಿ, ಕೇಸ್ ಪೇಪರಿನ (ಹೆಸರು ಬರೆಸುವ ಚೀಟಿಯ) ಕ್ಯೂ ಬೆಳೆಯುತ್ತಲೇ ಇರುತ್ತದೆ. ಕಿಟಕಿಯಲ್ಲಿ "ಮಾನಸೋಪಚಾರ" ಅನ್ನಿ, ಅಷ್ಟು ಸಾಕು, ಕತೆಯೆಲ್ಲ ಅಲ್ಲಿ ಬೇಡ. ಶುಲ್ಕ ಹೆಸರಿಗಷ್ಟೇ. ಹಿಂದಿನ ರಾತ್ರಿಯೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ನಿದ್ದೆ ಯಾವಾಗಿಂದ ಇಲ್ಲ, ಕುಡಿಯುತ್ತಾನೆಯೇ, ಮೊದಲು ಯಾವ ಮಾತ್ರೆ ತಿಂದಿದ್ದ, ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತೇ. ಡಾಕ್ಟರ ಮುಂದೆ ಸಿಗುವ ಹೊತ್ತು ಕಡಿಮೆ. ಮರಾಠಿ ಬರುವ ಒಬ್ಬರು ಜೊತೆಗಿರಲಿ, ಆದರೆ ಹುಡುಗನ ಉತ್ತರವನ್ನೆಲ್ಲ ಅವರೇ ಹೇಳಕೂಡದು. ಕೆಲವು ಮಾತು ಡಾಕ್ಟರಿಗೆ ಒಬ್ಬನೇ ಹೇಳಬೇಕಿರುತ್ತದೆ, ಆಗ ಎದ್ದು ಹೊರಗೆ ಬನ್ನಿ.

ಖಿನ್ನತೆಯ ಮಾತ್ರೆಗೆ ಗುಣ ಕಾಣಲು ವಾರಗಳೇ ಬೇಕು. ನಾಲ್ಕು ದಿನ ತಿಂದು "ಏನೂ ಆಗಲಿಲ್ಲ" ಎಂದು ಬಿಡುವವರೇ ಜಾಸ್ತಿ. ಡಾಕ್ಟರನ್ನು ಕೇಳದೆ ಬಿಡಬಾರದು. ಮಾತ್ರೆಯ ಸ್ಟ್ರಿಪ್ಪು ಗಲ್ಲೆಯಲ್ಲಿರಲಿ, ದಿನದ್ದು ದಿನಕ್ಕೆ ಕೊಡಿ. ಮುಂದಿನ ಓಪಿಡಿ ತಾರೀಖನ್ನು ಪಾಳಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಬರೀ "ರಜೆ" ಎಂದು ಬರೆದಿಡಿ. ಯಾತಕ್ಕೆ ರಜೆ ಎಂದು ಭಟ್ರು ಕೇಳಿಯೇ ಕೇಳುತ್ತಾರೆ, ಹಲ್ಲುನೋವು ಅನ್ನಿ.